ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಬ್ಯಾಟರಿ: ಲ್ಯಾಂಡ್ ವಾರಿಯರ್ ಪ್ರಕರಣ

2007ರ ಫೆಬ್ರವರಿ. ಅಮೆರಿಕದ ಸೇನೆ ಮುಂದಿನ ವರ್ಷದ ಬಜೆಟ್‌ನಿಂದ ಒಂದು ಯೋಜನೆಯನ್ನು ಕಿತ್ತುಹಾಕಿತು. ಹೆಸರು ಲ್ಯಾಂಡ್ ವಾರಿಯರ್: ಕಾಲಾಳಿನ ಮೈಮೇಲೆ ಕಂಪ್ಯೂಟರ್, ರೇಡಿಯೊ, ಬ್ಯಾಟರಿ ಕಟ್ಟುವ ವ್ಯವಸ್ಥೆ. ಸುಮಾರು ಹದಿನೈದು ವರ್ಷ ನಡೆದಿದ್ದ ಕೆಲಸ, ಹತ್ತಿರಹತ್ತಿರ 50 ಕೋಟಿ ಡಾಲರ್ ನುಂಗಿದ್ದ ಕೆಲಸ. ಅದೇ ಹೊತ್ತಿಗೆ ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್‌ನಲ್ಲಿ ಒಂದು ಬೆಟಾಲಿಯನ್ ಇರಾಕ್‌ಗೆ ಹೊರಡಲು ಗಂಟುಮೂಟೆ ಕಟ್ಟುತ್ತಿತ್ತು. 9ನೇ ಇನ್‌ಫೆಂಟ್ರಿ ರೆಜಿಮೆಂಟಿನ 4ನೇ ಬೆಟಾಲಿಯನ್. ಅವರು ತಮ್ಮನ್ನು 'ಮಂಚು' ಎಂದು ಕರೆದುಕೊಳ್ಳುತ್ತಾರೆ. ಆ ಮೂಟೆಯಲ್ಲಿ ಆಗಷ್ಟೇ ರದ್ದಾಗಿದ್ದ ಲ್ಯಾಂಡ್ ವಾರಿಯರ್‌ನ 229 ಸೆಟ್‌ಗಳಿದ್ದವು.

ಅಂಗಡಿಗೆ ಬೀಗ ಬಿದ್ದ ದಿನವೇ ಮೊದಲ ಗಿರಾಕಿ ಬಂದ ಹಾಗಾಯಿತು. ನನಗೆ ಈ ಪ್ರಕರಣದಲ್ಲಿ ಆಸಕ್ತಿ ಹುಟ್ಟಿದ್ದೇ ಇಲ್ಲಿ. ಕಚೇರಿಯಲ್ಲಿ ಸತ್ತ ವಸ್ತು ರಣರಂಗದಲ್ಲಿ ಹೇಗೆ ಎದ್ದು ಓಡಾಡಿತು? ಸೇರಿಸಿದ್ದರಿಂದ ಅಲ್ಲ, ತೆಗೆದಿದ್ದರಿಂದ. ತೆಗೆದವರು ಎಂಜಿನಿಯರುಗಳಲ್ಲ, ಹೊತ್ತವರು.

ನಾನು ಬ್ಯಾಟರಿ ಪ್ಯಾಕ್‌ಗಳ ಕೆಲಸದಲ್ಲಿ ಇರುವವನು. ಹಾಗಾಗಿ ಈ ಕಥೆಯನ್ನು ಬಂದೂಕಿನ ಕಡೆಯಿಂದ ಹೇಳಲು ನನಗೆ ಬರುವುದಿಲ್ಲ. ವೈರಿನ ಕಡೆಯಿಂದಲೇ ಹೇಳುತ್ತೇನೆ.

ಮೈಮೇಲೆ ಒಂದು ಕಂಪ್ಯೂಟರ್

ಬೀಜ ಬಿತ್ತಿದ್ದು 1992ರ ಸುಮಾರಿಗೆ ನಡೆದ ಒಂದು ಪ್ರದರ್ಶನ. ಸೈನಿಕನ ಹೆಲ್ಮೆಟ್, ರಕ್ಷಾಕವಚ, ರೇಡಿಯೊ, ಬಂದೂಕು ಎಲ್ಲವನ್ನೂ ಬಿಡಿಬಿಡಿಯಾಗಿ ಕೊಳ್ಳುವ ಬದಲು ಒಂದೇ ವ್ಯವಸ್ಥೆಯಾಗಿ ಕಟ್ಟಬಹುದಲ್ವಾ ಎಂಬ ಯೋಚನೆ ಅಲ್ಲಿಂದ ಬಂತು. ಒಳ್ಳೆಯ ಯೋಚನೆಯೇ. ಗುತ್ತಿಗೆ ಮೊದಲು ಹ್ಯೂಸ್ ಕಂಪನಿಗೆ ಹೋಯಿತು. ಹ್ಯೂಸ್‌ನ ರಕ್ಷಣಾ ವಿಭಾಗವನ್ನು ರೇಥಿಯನ್ ಕೊಂಡಿತು. 1999ರಲ್ಲಿ ಸಿಲಿಕಾನ್ ವ್ಯಾಲಿಯ ಚಿಕ್ಕ ತಂಡಗಳು ಬಂದು, ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಅದನ್ನು ಮರುಕಟ್ಟಿದವು. 2003ರಲ್ಲಿ ಜನರಲ್ ಡೈನಮಿಕ್ಸ್ ಕೈಗೆ ಬಂತು. ಮಗು ಒಂದೇ, ಸಾಕಿದ ಮನೆಗಳು ನಾಲ್ಕು.

ಕೊನೆಗೆ ಸೈನಿಕನ ಮೈಮೇಲೆ ಬಂದದ್ದು ಇಷ್ಟು. ಹೆಲ್ಮೆಟ್‌ನಿಂದ ಒಂದು ಕಣ್ಣಿನ ಮುಂದೆ ಇಳಿಬಿಟ್ಟ ಪುಟ್ಟ ಪರದೆ. ಅದರಲ್ಲಿ ನಕ್ಷೆ, ನಕ್ಷೆಯ ಮೇಲೆ ಜೊತೆಗಾರರು ಎಲ್ಲಿದ್ದಾರೆ ಎಂದು ತೋರಿಸುವ ಗುರುತುಗಳು. ಜಿಪಿಎಸ್. ಮಾತು ಮತ್ತು ಡೇಟಾ ಎರಡನ್ನೂ ಸಾಗಿಸುವ ರೇಡಿಯೊ. ಒಂದು ಕಂಪ್ಯೂಟರ್. ಬಂದೂಕಿನ ಮೇಲೆ ಕ್ಯಾಮೆರಾ: ಗೋಡೆಯ ಮರೆಯಲ್ಲಿ ನಿಂತು, ಬಂದೂಕನ್ನಷ್ಟೇ ಹೊರಗೆ ಚಾಚಿ, ಕಣ್ಣಿನ ಪರದೆಯಲ್ಲಿ ನೋಡಿ ಗುಂಡು ಹಾರಿಸಬಹುದು. ಇವೆಲ್ಲವನ್ನೂ ಜೋಡಿಸುವ ಕೇಬಲ್‌ಗಳು. ಇವೆಲ್ಲಕ್ಕೂ ಅನ್ನ ಹಾಕುವ ಬ್ಯಾಟರಿಗಳು.

ಆ ಮೂಲೆಯಿಂದ ಗುಂಡು ಹಾರಿಸುವ ಕ್ಯಾಮೆರಾ ಇತ್ತಲ್ಲ, ಫೋಟೊಗಳಲ್ಲಿ ಅದೇ ಹೀರೊ. ನಮ್ಮ ಕಡೆ ಹೇಳುತ್ತಾರಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ. ಆ ಕ್ಯಾಮೆರಾ ಮಲ್ಲಿಗೆ ಹೂವು.

ಹಿಟ್ಟಿನ ಲೆಕ್ಕ

ಒಂದು ಸರಳ ಲೆಕ್ಕ ಮಾಡೋಣ. ಇದು ಲ್ಯಾಂಡ್ ವಾರಿಯರ್‌ನ ಅಧಿಕೃತ ಲೆಕ್ಕವಲ್ಲ, ನಾನು ಹೊಸಬರಿಗೆ ವಿವರಿಸಲು ಬೋರ್ಡಿನ ಮೇಲೆ ಬರೆಯುವ ಲೆಕ್ಕ. ಮೈಮೇಲಿನ ಎಲ್ಲ ಸಾಮಾನು ಸೇರಿ 10 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು. ಜಾಸ್ತಿಯೇನಲ್ಲ ಅನ್ನಿಸುತ್ತದೆ. ಕಾಲಾಳುಗಳು ಮೂರು ದಿನ, ಅಂದರೆ 72 ಗಂಟೆ, ಹೊರಗಿನಿಂದ ಏನೂ ಸಿಗದೆ ನಡೆಯಬೇಕು ಎಂಬುದು ಸೇನೆಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. 10 ವ್ಯಾಟ್ ಗುಣಿಲೆ 72 ಗಂಟೆ, 720 ವ್ಯಾಟ್-ಗಂಟೆ. ನಿಮ್ಮ ಜೇಬಿನ ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್-ಗಂಟೆ. ಅಂಥವು 38 ಬೇಕು.

ಸೈನಿಕರಿಗೆಂದೇ ಮಾಡಿದ ಚಪ್ಪಟೆ ಲಿಥಿಯಂ-ಅಯಾನ್ ಪ್ಯಾಕ್ ಒಂದರಲ್ಲಿ 150 ವ್ಯಾಟ್-ಗಂಟೆ ಇರುತ್ತದೆ, ತೂಕ 1.2 ಕೆಜಿ ಆಸುಪಾಸು. ಐದು ಬೇಕು. 6 ಕೆಜಿ. ಮನೆಯ ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರುತ್ತದೆ. ಅದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಒಂದು ಬಲ್ಬು ಮೂರು ದಿನ ಉರಿಸಲು ಇಷ್ಟು ಹೊರಬೇಕು. ನೀರು, ಊಟ, ಗುಂಡು, ಕವಚ ಎಲ್ಲ ಇದರ ಮೇಲೆ.

ಇನ್ನೊಂದು ಸೂಕ್ಷ್ಮ ಇದೆ. ಜಾಲವಾಗಿ ಹೆಣೆದುಕೊಳ್ಳುವ ರೇಡಿಯೊಗಳಲ್ಲಿ ಪ್ರತಿಯೊಂದೂ ಪಕ್ಕದವರ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ನೀವು ತುಟಿ ಬಿಚ್ಚದೆ ಕೂತಿದ್ದರೂ ನಿಮ್ಮ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಪಕ್ಕದ ಮನೆಯವರ ಕರೆಂಟ್ ಬಿಲ್ ನಾವು ಕಟ್ಟಿದ ಹಾಗೆ. ನಕ್ಷೆಯ ಮೇಲಿನ ಗುರುತು ಎಷ್ಟು ಬೇಗಬೇಗ ಹೊಸದಾಗಬೇಕು ಎಂಬ ಪ್ರಶ್ನೆ ಕಚೇರಿಯಲ್ಲಿ ಸಾಫ್ಟ್‌ವೇರ್ ಪ್ರಶ್ನೆ. ಬೆನ್ನಿನ ಮೇಲೆ ಅದು ತೂಕದ ಪ್ರಶ್ನೆ.

ಅಮೆರಿಕದವರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 2003ರಲ್ಲೇ ಬಿಸಿ ತಾಗಿತ್ತು. ಬಿಎ-5590 ಅಂತ ಒಂದು ಲಿಥಿಯಂ ಬ್ಯಾಟರಿ. ಇಟ್ಟಿಗೆಯ ಗಾತ್ರ, ಸುಮಾರು 1 ಕೆಜಿ, ಮತ್ತೆ ಚಾರ್ಜ್ ಮಾಡಲು ಬರುವುದಿಲ್ಲ. ಸೇನೆಯ ಎಷ್ಟೋ ರೇಡಿಯೊಗಳು ಅದರ ಮೇಲೆ ನಿಂತಿದ್ದವು. ಸಂಸತ್ತಿನ ಲೆಕ್ಕಪರಿಶೋಧಕರು ಆಮೇಲೆ ಬರೆದ ಪ್ರಕಾರ, 2001ರ ಸೆಪ್ಟೆಂಬರ್‌ಗೆ ಮೊದಲು ತಿಂಗಳಿಗೆ 20,000ಕ್ಕಿಂತ ಕಮ್ಮಿ ಸಾಕಾಗುತ್ತಿತ್ತು. 2003ರ ಮೇ ತಿಂಗಳಲ್ಲಿ ಬೇಡಿಕೆ 3,30,000 ದಾಟಿತು. ಅಷ್ಟು ಬ್ಯಾಟರಿ ಗೋದಾಮಿನಲ್ಲೂ ಇರಲಿಲ್ಲ, ಕಾರ್ಖಾನೆಯಲ್ಲೂ ಇರಲಿಲ್ಲ.

ಇಲ್ಲಿ ಮನುಷ್ಯ ಸ್ವಭಾವವೂ ಸೇರಿಕೊಳ್ಳುತ್ತದೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಖಚಿತವಾಗಿ ಗೊತ್ತಾಗದಿದ್ದರೆ, ರಾತ್ರಿ ಹೊರಡುವ ಮುಂಚೆ ಯಾರಾದರೂ ಹೊಸದನ್ನೇ ಹಾಕಿಕೊಳ್ಳುತ್ತಾರೆ. ಅರ್ಧ ತುಂಬಿದ್ದು ಕಸಕ್ಕೆ. ಪ್ರಾಣದ ಪ್ರಶ್ನೆ ಇರುವಾಗ ಅದು ತಪ್ಪು ಎಂದು ನಾನಂತೂ ಹೇಳಲಾರೆ. ತಪ್ಪು, ಉಳಿದದ್ದನ್ನು ತೋರಿಸದ ಬ್ಯಾಟರಿಯದು.

ಫೋರ್ಟ್ ಲೂಯಿಸ್, 2006

ಮಂಚು ಬೆಟಾಲಿಯನ್ ಕೈಗೆ ಈ ಸಾಮಾನು ಬಂದದ್ದು 2006ರಲ್ಲಿ, ಪರೀಕ್ಷೆಗೆಂದು. ಮೊದಲ ಪ್ರತಿಕ್ರಿಯೆ ಒಳ್ಳೆಯದಿರಲಿಲ್ಲ. ಸೆಟ್‌ನ ತೂಕ ಸುಮಾರು 17 ಪೌಂಡ್, ಅಂದರೆ 7.7 ಕೆಜಿ. ಇದು ಉಳಿದ ಹೊರೆಯ ಬದಲಿಗೆ ಬಂದದ್ದಲ್ಲ, ಅದರ ಮೇಲೆ ಬಂದದ್ದು. ಸ್ಟ್ರೈಕರ್ ಎಂಬ ಎಂಟು ಚಕ್ರದ ಕವಚವಾಹನದ ಇಕ್ಕಟ್ಟಿನಲ್ಲಿ ಕೂರಬೇಕು, ಬಾಗಿಲು ತೆರೆದ ಕೂಡಲೇ ಹೊರಗೆ ಹಾರಬೇಕು, ಬಿದ್ದು ಮಲಗಿ ಗುರಿ ಇಡಬೇಕು. ಅಂಥ ಕಡೆ ಮೈಮೇಲೆ ಜೋತಾಡುವ ಪ್ರತಿ ಕೇಬಲ್ಲೂ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳಲು ಕಾದಿರುತ್ತದೆ.

ಕೇಬಲ್ ವಿಚಾರದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಉಪಕರಣ ಪದೇಪದೇ ವಾಪಸ್ ಬರುತ್ತಿತ್ತು. ಬ್ಯಾಟರಿ ಬದಲಿಸಿದೆವು. ಬೋರ್ಡ್ ಬದಲಿಸಿದೆವು. ಎರಡು ತಿಂಗಳಾದ ಮೇಲೆ ಗೊತ್ತಾದದ್ದು, ಕನೆಕ್ಟರಿನ ಒಂದು ಪಿನ್ ಮಣ್ಣು ತಿಂದು ಆಗೊಮ್ಮೆ ಈಗೊಮ್ಮೆ ಸಂಪರ್ಕ ಕಳೆದುಕೊಳ್ಳುತ್ತಿತ್ತು ಅಂತ. ಕೆಲವು ರೂಪಾಯಿಯ ಸಾಮಾನು. ಮೇಜಿನ ಮೇಲೆ ಎಲ್ಲ ಸರಿಯಾಗೇ ಓಡುತ್ತಿತ್ತು. ಮೈಗೆ ಕಟ್ಟಿಕೊಂಡು ಓಡಿದವನಿಗೆ ಮಾತ್ರ ಕೈಕೊಡುತ್ತಿತ್ತು. ಫೋನ್ ಚಾರ್ಜರಿನ ವೈರನ್ನು ಒಂದು ಕೋನದಲ್ಲಿ ಹಿಡಿದರಷ್ಟೇ ಚಾರ್ಜ್ ಆಗುವ ಕಷ್ಟ ಎಲ್ಲರಿಗೂ ಗೊತ್ತು. ಅದನ್ನೇ ಕತ್ತಲಲ್ಲಿ, ಗ್ಲೌಸ್ ಹಾಕಿದ ಕೈಯಲ್ಲಿ, ಯಾರೋ ಗುಂಡು ಹಾರಿಸುತ್ತಿರುವಾಗ ಅನುಭವಿಸುವುದನ್ನು ಯೋಚಿಸಿ.

ಫೋರ್ಟ್ ಲೂಯಿಸ್‌ನಲ್ಲಿ ನಡೆದ ಒಳ್ಳೆಯ ಕೆಲಸ ಅಂದರೆ, ಬೈಗುಳವನ್ನು ಯಾರೋ ಬರೆದುಕೊಂಡರು. ಎಂಜಿನಿಯರುಗಳು ಸೈನಿಕರ ಪಕ್ಕದಲ್ಲೇ ಕೂತರು. ಏನು ಬೇಡ ಎಂದು ಕೇಳಿದರು. ಉತ್ತರ ಬೇಗ ಬಂತು. ಮೊದಲು ಹೋದದ್ದು ಆ ಮಲ್ಲಿಗೆ ಹೂವು, ಬಂದೂಕಿನ ಕ್ಯಾಮೆರಾ. ಅದರ ಜೊತೆಗೆ ಬಂದೂಕಿನಿಂದ ಮೈಗೆ ಬರುತ್ತಿದ್ದ ಕೇಬಲ್ ಕೂಡ ಹೋಯಿತು. ಬಂದೂಕನ್ನು ವೈರಿನಿಂದ ಮೈಗೆ ಕಟ್ಟಿಹಾಕುವುದು ಯಾವ ಕಾಲಾಳಿಗೂ ಇಷ್ಟವಾಗುವ ವಿಷಯವಲ್ಲ. ಇಳಿಸಿ ಇಳಿಸಿ ತೂಕ 10 ಪೌಂಡಿನ ಹತ್ತಿರ ಬಂತು, 4.5 ಕೆಜಿ.

ಎರಡನೆಯ ಕತ್ತರಿ ಇನ್ನೂ ಮುಖ್ಯವಾದದ್ದು. ಮೊದಲ ಕನಸಿನಲ್ಲಿ ಪ್ರತಿ ಸೈನಿಕನಿಗೂ ಒಂದು ಸೆಟ್ ಇತ್ತು. ಈಗ ಚಿಕ್ಕ ತಂಡದ ನಾಯಕನಿಂದ ಮೇಲಿನವರಿಗೆ ಮಾತ್ರ. ಯೋಚಿಸಿದರೆ ಸರಿಯೇ. ಕೆಳಗಿನ ಸೈನಿಕ ತನ್ನ ನಾಯಕನನ್ನು ಕಣ್ಣಾರೆ ಕಾಣುತ್ತಾನೆ, ಅವನಿಗೆ ನಕ್ಷೆ ಬೇಡ. ನಾಯಕನಿಗೆ ಪಕ್ಕದ ಬೀದಿಯಲ್ಲಿರುವ ಇನ್ನೊಬ್ಬ ನಾಯಕ ಕಾಣುವುದಿಲ್ಲ, ಅವನಿಗೆ ಬೇಕು. ಹೀಗೆ ಹಂಚಿದಾಗ ಬ್ಯಾಟರಿಯ ರಾಶಿ, ರೇಡಿಯೊ ಜಾಲದ ದಟ್ಟಣೆ, ಚಾರ್ಜ್ ಮಾಡುವ ತಲೆನೋವು ಎಲ್ಲ ಒಟ್ಟಿಗೆ ಇಳಿದವು.

ಅಷ್ಟರಲ್ಲಿ ಮೇಲಿನವರು ಯೋಜನೆ ನಿಲ್ಲಿಸಿದ್ದರು. ಅವರನ್ನು ಸುಮ್ನೆ ಬೈಯುವುದೂ ನ್ಯಾಯವಲ್ಲ. ಅವರ ಮೇಜಿನ ಮೇಲಿದ್ದದ್ದು ವರ್ಷಗಳಷ್ಟು ಹಳೆಯ ಖರ್ಚಿನ ಪಟ್ಟಿ. ಮೊನ್ನೆ ಮೊನ್ನೆ ಸೈನಿಕರು ಕತ್ತರಿಸಿ ಹದ ಮಾಡಿದ ವಸ್ತು ಆ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ.

ಇರಾಕ್‌ನಲ್ಲಿ ಹಸಿರು ದೀಪ

ಇರಾಕ್‌ನಲ್ಲಿ ಕೆಲಸಕ್ಕೆ ಬಂದದ್ದು ಯಾವುದು? ಯಾರೂ ಜಾಹೀರಾತಿನಲ್ಲಿ ಹಾಕದ ಒಂದು ಸಣ್ಣ ಗುಣ. ಒಂದು ಮನೆಯನ್ನು ಶೋಧಿಸಿ ಮುಗಿಸಿದ ಮೇಲೆ, ಇಲ್ಲಿ ನೋಡಿಯಾಗಿದೆ ಎಂದು ತಿಳಿಸಲು ಸೈನಿಕರು ಬಾಗಿಲಲ್ಲಿ ಬೆಳಕಿನ ಕಡ್ಡಿ ಎಸೆಯುತ್ತಾರೆ, ಮುರಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ. ಅದೇ ಕಡ್ಡಿಯನ್ನು ನಕ್ಷೆಯ ಮೇಲೆ ಇಡುವ ಅನುಕೂಲ ಲ್ಯಾಂಡ್ ವಾರಿಯರ್‌ನಲ್ಲಿ ಬಂತು. ಒಬ್ಬ ನಾಯಕ ಗುರುತು ಹಾಕಿದರೆ ಉಳಿದ ನಾಯಕರ ಕಣ್ಣಿಗೆಲ್ಲ ಕಾಣುತ್ತದೆ. ರೇಡಿಯೊದಲ್ಲಿ ಎಡಗಡೆ ಮೂರನೇ ಮನೆ, ಅಲ್ಲ ಅದರ ಹಿಂದಿನದು ಎಂದು ಕೂಗಾಡುವುದು ತಪ್ಪಿತು. ನಮ್ಮವರು ಎಲ್ಲಿದ್ದಾರೆ ಎಂಬುದು ಗೊತ್ತಿದ್ದರೆ, ನಮ್ಮವರ ಮೇಲೇ ಗುಂಡು ಹಾರಿಸುವ ಅಪಾಯವೂ ಇಳಿಯುತ್ತದೆ.

ಮೊದಲು ಮೂಗು ಮುರಿದಿದ್ದವರೇ ಆಮೇಲೆ ಬಿಡಲು ಒಪ್ಪಲಿಲ್ಲ. ಮುಂದೆ ಅಫ್ಘಾನಿಸ್ತಾನಕ್ಕೆ ಹೊರಟ ಇನ್ನೊಂದು ಸ್ಟ್ರೈಕರ್ ಬ್ರಿಗೇಡ್ 2009ರಲ್ಲಿ ಇದನ್ನು ಒಯ್ದಿತು.

ಆದರೆ ಒಂದು ಮಾತು ಮರೆಯಬಾರದು. ಮಂಚುಗಳ ಬಳಿ ಸ್ಟ್ರೈಕರ್ ಇತ್ತು. ಅದು ಬರೀ ಬಂಡಿಯಲ್ಲ, ಚಾರ್ಜರ್ ಕೂಡ. ಇಳಿದು ಹೋಗಿ ಕೆಲಸ ಮುಗಿಸಿ ಮರಳಿ ಬಂದರೆ ಬ್ಯಾಟರಿ ತುಂಬಿಸಿಕೊಳ್ಳಬಹುದು. 72 ಗಂಟೆಯ ಲೆಕ್ಕವನ್ನು ಅವರು ಗೆಲ್ಲಲಿಲ್ಲ, ವಾಹನದ ಎಂಜಿನ್ನಿಗೆ ದಾಟಿಸಿದರು. ಬೆಟ್ಟದ ಮೇಲೆ ಕಾಲ್ನಡಿಗೆಯಲ್ಲೇ ಇರುವ ತುಕಡಿಗೆ ಈ ಸೌಕರ್ಯ ಇಲ್ಲ. ಈ ಪ್ರಕರಣವನ್ನು ಬರೀ ಗೆಲುವು ಎಂದು ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ.

ಆಮೇಲೆ

2010ರ ಜೂನ್‌ನಲ್ಲಿ ಇದರ ಮುಂದಿನ ಪೀಳಿಗೆಗೆ ನೆಟ್ ವಾರಿಯರ್ ಎಂದು ಹೆಸರಿಟ್ಟರು. ಇದು ಇಂಟರ್‌ನೆಟ್ಟಿನ ನೆಟ್ ಅಲ್ಲ. 1944ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಲೇಟೆ ದ್ವೀಪದಲ್ಲಿ ಮೂರು ಸಲ ಗಾಯಗೊಂಡರೂ ತುಕಡಿಯನ್ನು ಮುನ್ನಡೆಸಿ, ಮೆಡಲ್ ಆಫ್ ಆನರ್ ಪಡೆದ ರಾಬರ್ಟ್ ನೆಟ್ ಅವರ ಹೆಸರು. ಅವರು ತೀರಿಕೊಂಡದ್ದು 2008ರಲ್ಲಿ.

ಮೂರು ಕಂಪನಿಗಳು ಹೊಸ ಮಾದರಿ ಕಟ್ಟುತ್ತಿದ್ದವು, ಮತ್ತೆ ಅದೇ ಕಣ್ಣಿನ ಪರದೆ, ಅದೇ ಕಂಪ್ಯೂಟರ್. ಅಷ್ಟರಲ್ಲಿ ಪ್ರತಿ ಸೈನಿಕನ ಜೇಬಿಗೂ ಸ್ಮಾರ್ಟ್‌ಫೋನ್ ಬಂದಾಗಿತ್ತು. 2011ರಲ್ಲಿ ಸೇನೆ ದಾರಿ ಬದಲಿಸಿತು. ಆಂಡ್ರಾಯ್ಡ್ ಫೋನ್ ತಗೊಳ್ಳಿ, ಅದರ ವೈಫೈ ಮತ್ತು ಮೊಬೈಲ್ ಸಂಪರ್ಕ ಮುಚ್ಚಿ, ಒಂದು ಕೇಬಲ್ಲಿನಿಂದ ಸೇನೆಯ ರೇಡಿಯೊಗೆ ಜೋಡಿಸಿ, ಎದೆಯ ಮೇಲೆ ಕಟ್ಟಿಕೊಳ್ಳಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 2 ಹೀಗೆ ಸೇನೆಗೆ ಸೇರಿತು. ವರ್ಷಗಳ ಕಣ್ಣಿನ ಪರದೆಯ ಬದಲು, ಬಗ್ಗಿ ನೋಡುವ ಫೋನು. ನೋಡುವ ಅಗತ್ಯವಿದ್ದಾಗ ಮಾತ್ರ ಪರದೆ ಬೆಳಗಿದರೆ ಸಾಕು. ಕರೆಂಟಿನ ಲೆಕ್ಕದಲ್ಲಿ ಇದು ದೊಡ್ಡ ಉಳಿತಾಯ.

ಹಾಗಂತ ಕಷ್ಟ ಮುಗಿಯಲಿಲ್ಲ. ಜೊತೆಗಿದ್ದ ಪುಟ್ಟ ರೇಡಿಯೊಗಳು ಬಿಸಿಯಾಗುತ್ತವೆ, ಬ್ಯಾಟರಿ ಬೇಗ ಇಳಿಯುತ್ತದೆ ಎಂಬ ದೂರು ಪರೀಕ್ಷಾ ವರದಿಗಳಲ್ಲೇ ಬಂತು. ಕೊನೆಗೆ ವಿಷಯ ಬಂದು ನಿಂತದ್ದು ಆರಂಭದಲ್ಲೇ ನಿಲ್ಲಬೇಕಿದ್ದ ಕಡೆ: ಎಲ್ಲಕ್ಕೂ ಒಂದೇ ಬ್ಯಾಟರಿ, ಮಧ್ಯೆ ಒಂದು ಹಬ್. ನಾನು ಮೇಲೆ ಹೇಳಿದ ಚಪ್ಪಟೆ ಪ್ಯಾಕ್ ಇದೇ. ಕವಚದ ತಟ್ಟೆಯ ಪಕ್ಕದಲ್ಲಿ, ಮೈಗೆ ಒಗ್ಗಿ ಬಾಗುತ್ತದೆ. ಹಬ್ ಎಂದರೆ ಅಂಗಿಯ ಮೇಲಿನ ಒಂದು ಡಬ್ಬಿ. ಬ್ಯಾಟರಿಯಿಂದ ಬಂದ ಕರೆಂಟನ್ನು ಫೋನಿಗೆ, ರೇಡಿಯೊಗೆ, ಜಿಪಿಎಸ್‌ಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಹಂಚುತ್ತದೆ. ಅದೇ ವೈರುಗಳಲ್ಲಿ ಡೇಟಾವನ್ನೂ ಸಾಗಿಸುತ್ತದೆ. ಎಷ್ಟು ಉಳಿದಿದೆ ಎಂದು ಬ್ಯಾಟರಿ ತಾನೇ ಹೇಳುತ್ತದೆ, ಫೋನಿನ ಪರದೆಯಲ್ಲಿ ಶೇಕಡಾವಾರು ಕಾಣುತ್ತದೆ. 2003ರಲ್ಲಿ ಅರ್ಧ ತುಂಬಿದ ಬ್ಯಾಟರಿ ಎಸೆದವರಿಗೆ ಬೇಕಿದ್ದದ್ದು ಆ ಒಂದು ಅಂಕಿ.

ಬೆಂಕಿ ಆರಿಸುವವರ ಮೈಮೇಲೂ ಇಂಥದ್ದೇ ಜಾಲ ಬೆಳೆಯುತ್ತಿದೆ, ಆದರೆ ಅವರ ಲೆಕ್ಕ ಬೇರೆ. ಬೆನ್ನಿನ ಗಾಳಿ ಸಿಲಿಂಡರ್ ಮೊದಲು ಖಾಲಿಯಾಗುತ್ತದೆ, ಬ್ಯಾಟರಿ ಅಲ್ಲ. ಅವರಿಗೆ ಅತಿ ಮುಖ್ಯವಾದ ಸಾಧನ ಅತಿ ಕಮ್ಮಿ ಕರೆಂಟ್ ತಿನ್ನುವಂಥದ್ದು: ಸುಮಾರು ಅರ್ಧ ನಿಮಿಷ ಅಲುಗಾಡದೆ ಬಿದ್ದಿದ್ದರೆ ಜೋರಾಗಿ ಕಿರುಚುವ ಅಲಾರಂ. ಪರದೆ ಇಲ್ಲ, ನಕ್ಷೆ ಇಲ್ಲ. ಹೊಗೆಯೊಳಗೆ ಜೊತೆಗಾರರು ಆ ಸದ್ದು ಹಿಡಿದು ಬರುತ್ತಾರೆ.

ಮಲ್ಲಿಗೆ ಹೂವಿನ ಆಸೆ ಮಾತ್ರ ಹೋಗಿಲ್ಲ. 2021ರಲ್ಲಿ ಅಮೆರಿಕದ ಸೇನೆಗೆ ಮೈಕ್ರೋಸಾಫ್ಟ್ ಜೊತೆ ಹತ್ತು ವರ್ಷಕ್ಕೆ ಸುಮಾರು 2,200 ಕೋಟಿ ಡಾಲರ್‌ವರೆಗೆ ಹೋಗಬಹುದಾದ, ಕಣ್ಣೆದುರೇ ಪರದೆ ಇರುವ ಕನ್ನಡಕದ ಒಪ್ಪಂದ ಆಯಿತು. 2022ರ ಪರೀಕ್ಷೆಯಲ್ಲಿ ಹಾಕಿಕೊಂಡ ಸೈನಿಕರಿಗೆ ತಲೆನೋವು, ವಾಕರಿಕೆ, ಕಣ್ಣು ನೋವು. 2025ರಲ್ಲಿ ಆ ಕೆಲಸ ಆಂಡುರಿಲ್ ಕಂಪನಿಗೆ ದಾಟಿತು. ಮಗು ಒಂದೇ, ಮನೆಗಳು ಎರಡು. ಎಣಿಕೆ ಶುರುವಾಗಿದೆ.

ನಮ್ಮ ಕಡೆ

ಭಾರತದಲ್ಲಿ ಇದರ ಸೋದರಿ ಎಫ್-ಇನ್ಸಾಸ್. 2022ರ ಆಗಸ್ಟ್ 16ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅದನ್ನು ಸೇನಾ ಮುಖ್ಯಸ್ಥ ಮನೋಜ್ ಪಾಂಡೆ ಅವರ ಕೈಗೆ ಒಪ್ಪಿಸಿದರು. ಎಕೆ-203 ರೈಫಲ್, ಹೆಲ್ಮೆಟ್, ಕವಚ, ರಾತ್ರಿ ನೋಡುವ ಸಾಧನದ ಜೊತೆಗೆ ಕೈ ಬಳಸದೆ ಮಾತಾಡುವ ಸಂಪರ್ಕ ಸಾಧನವೂ ಅದರಲ್ಲಿದೆ. ಬೆಂಗಳೂರಿಗೆ ಈ ವಿಷಯ ದೂರದ್ದಲ್ಲ. ರೇಡಿಯೊ ಮಾಡುವ ಬಿಇಎಲ್ ಇಲ್ಲೇ ಇದೆ, ಸೈನಿಕನ ಮೈಗೆ ಹಾಕುವ ಸಾಮಾನುಗಳ ಮೇಲೆ ಕೆಲಸ ಮಾಡುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯವೂ ಇಲ್ಲೇ.

ನಮ್ಮ ಲೆಕ್ಕ ಇರಾಕ್‌ನದಲ್ಲ. ಸಿಯಾಚಿನ್‌ನ ಠಾಣೆಯ ಪಕ್ಕ ಸ್ಟ್ರೈಕರ್ ನಿಲ್ಲುವುದಿಲ್ಲ. ಚಳಿಯಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ತನ್ನಲ್ಲಿರುವುದನ್ನು ಪೂರ್ತಿ ಕೊಡುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಮಾಮೂಲಿ ವೇಗದಲ್ಲಿ ಚಾರ್ಜ್ ಮಾಡಿದರೆ ಒಳಗೆ ಲೋಹದ ಲಿಥಿಯಂ ಪದರ ಕೂತು ಕೋಶ ಹಾಳಾಗುತ್ತದೆ. ಅಂದರೆ ಬಿಸಿಲಿಗೆ ಹಾಸುವ ಸೋಲಾರ್ ಹಾಳೆ ಅಲ್ಲಿ ಕರೆಂಟು ಕೊಟ್ಟರೂ, ಬ್ಯಾಟರಿ ಅದನ್ನು ತಗೊಳ್ಳುವ ಸ್ಥಿತಿಯಲ್ಲಿ ಇರಬೇಕಲ್ಲ.

ಹಿಮಾಲಯಕ್ಕೆ ಚಾರಣ ಹೋದವರನ್ನು ಕೇಳಿ, ರಾತ್ರಿ ಫೋನನ್ನು ಎಲ್ಲಿ ಇಟ್ಟುಕೊಂಡಿದ್ದರು ಅಂತ. ಮಲಗುವ ಚೀಲದ ಒಳಗೆ, ಮೈಗೆ ಒತ್ತಿಕೊಂಡು. ಆ ಎತ್ತರಕ್ಕೆ ಸೆಟ್ ವಿನ್ಯಾಸ ಮಾಡುವವರು ಮೊದಲು ನಿರ್ಧರಿಸಬೇಕಾದದ್ದು ಪರದೆ ಯಾವುದು ಎಂದಲ್ಲ, ಬ್ಯಾಟರಿಯ ಜೇಬು ಜಾಕೆಟ್ಟಿನ ಯಾವ ಪದರದ ಒಳಗೆ ಬರುತ್ತದೆ ಮತ್ತು ಅಲ್ಲಿಂದ ವೈರು ಯಾವ ತೂತಿನಲ್ಲಿ ಹೊರಬರುತ್ತದೆ ಎಂದು.